ಬುದ್ಧಿಮಾಂದ್ಯರ ದೀರ್ಘಾವಧಿ ಆಸ್ಪತ್ರೆಗಳ ಒಳಗೆ ದುಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ

ಪ್ರಶ್ನೆ: ನವನಗರದ ಅಕ್ಕ, ಬಾಗಲಕೋಟೆ

ನನ್ನ ತಮ್ಮನಿಗೆ ಈಗ 41 ವರ್ಷ. ಹುಟ್ಟಿನಿಂದಲೇ ಅವನಿಗೆ ಬೌದ್ಧಿಕ ಅಸಾಮರ್ಥ್ಯವಿದೆ. ನಮ್ಮ ಭಾಗದ ಜನ ಇಂದಿಗೂ ಬುದ್ಧಿಮಾಂದ್ಯ ಎಂಬ ಹಳೆಯ ಮಾತನ್ನೇ ಬಳಸುತ್ತಾರೆ. ನನಗೂ ಅದೇ ರೂಢಿಯಾಗಿದೆ, ಕ್ಷಮಿಸಬೇಕು. ಅವನು ತನ್ನ ಕೈಯಿಂದಲೇ ಉಣ್ಣುತ್ತಾನೆ, ಆದರೆ ಸ್ನಾನ ಮಾಡಿಸಬೇಕು, ಅಂಗಿಯ ಗುಂಡಿ ಹಾಕಬೇಕು. ಅವನ ಬಾಯಲ್ಲಿ ಇಪ್ಪತ್ತು ಮೂವತ್ತು ಶಬ್ದಗಳಿವೆ, ಅವುಗಳಲ್ಲಿ ಅರ್ಧದಷ್ಟು ಮನೆಯವರಿಗೆ ಮಾತ್ರ ತಿಳಿಯುತ್ತವೆ. ಅಪ್ಪ ತೀರಿಕೊಂಡು ಆರು ವರ್ಷಗಳಾದವು. ಅವ್ವನಿಗೆ 74 ವರ್ಷ, ಮೊಣಕಾಲು ಹಿಡಿದುಕೊಂಡಿವೆ. ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದೇ ಈಗ ಅವಳ ಶಕ್ತಿ ಮೀರಿದ ಕೆಲಸವಾಗಿದೆ. ನಾನು ಎರಡು ಸೆಕ್ಟರ್ ಆಚೆ ಇದ್ದೇನೆ, ದಿನಕ್ಕೆರಡು ಸಲ ಹೋಗಿ ಬರುತ್ತೇನೆ.

ಬಂಧುಗಳೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ. ದೂರದ ಊರಿನಲ್ಲಿ ದೊಡ್ಡ ಸಂಸ್ಥೆಯೊಂದಿದೆ, ನೂರಾರು ಜನರನ್ನು ಇರಿಸಿಕೊಂಡಿದ್ದಾರೆ, ಡಾಕ್ಟರು, ನರ್ಸು ಎಲ್ಲರೂ ಒಳಗೇ ಇರುತ್ತಾರೆ, ಒಮ್ಮೆ ಸೇರಿಸಿದರೆ ಕೊನೆಯವರೆಗೂ ಚಿಂತೆಯಿಲ್ಲ ಎನ್ನುತ್ತಾರೆ. ನಾನು ಅಲ್ಲಿಗೆ ಹೋಗಿ ಬಂದೆ. ಪಡಸಾಲೆ ಸ್ವಚ್ಛವಾಗಿತ್ತು, ಚಹಾ ಕೊಟ್ಟರು, ಆದರೆ ಆಫೀಸಿನ ಆಚೆಗೆ ಹೋಗಲು ಬಿಡಲಿಲ್ಲ.

ನನ್ನ ಹೆದರಿಕೆಗೆ ಕಾರಣವಿದೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ನಮ್ಮ ಓಣಿಯನ್ನು ಬಿಟ್ಟು ನವನಗರಕ್ಕೆ ಬಂದಾಗ ಅವನಿನ್ನೂ ಹುಡುಗ. ಹೊಸ ಮನೆಯಲ್ಲಿ ಅವನ ಹಾಸಿಗೆ, ಅವನ ತಾಟು, ಅವ್ವ, ಅಪ್ಪ ಎಲ್ಲವೂ ಇದ್ದವು. ಆದರೂ ವರ್ಷವಿಡೀ ಸಂಜೆಯಾಗುತ್ತಲೇ ಬಾಗಿಲಲ್ಲಿ ನಿಂತು "ಕೆಳಗಿನ ಮನಿ" ಎನ್ನುತ್ತಿದ್ದ. ಮೂರು ಸಲ ಕಣ್ತಪ್ಪಿಸಿ ಹಳೆಯ ಊರಿನ ದಾರಿ ಹಿಡಿದು ನಡೆದುಬಿಟ್ಟಿದ್ದ. ಮನೆಯವರೆಲ್ಲ ಜೊತೆಗಿದ್ದಾಗಲೇ ಹಾಗಾಗಿದ್ದರೆ, ಯಾರೂ ಇಲ್ಲದ ಕಡೆ ಇರಿಸಿದರೆ ಅವನ ಗತಿ ಏನು?

ಸಂಸ್ಥೆಗಳ ಹೆಸರು, ಫೋನ್ ನಂಬರ್ ನನಗೆ ಬೇಡ. ಇಂಥ ಕಡೆಗಳಲ್ಲಿ ಹಗಲು ರಾತ್ರಿ ಡ್ಯೂಟಿ ಮಾಡಿದವರು, ಅಥವಾ ತಮ್ಮವರನ್ನು ವರ್ಷಗಟ್ಟಲೆ ಇರಿಸಿದವರು ಇಲ್ಲಿ ಇರಬಹುದು. ಬೆಳಗ್ಗೆ ಏಳುವುದರಿಂದ ಹಿಡಿದು ರಾತ್ರಿ ಮಲಗುವವರೆಗೆ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಂಡದ್ದು ಕಂಡಂತೆ ಬರೆಯಿರಿ.

ಉತ್ತರ: ನಿವೃತ್ತ ನರ್ಸ್, ಶಹಾಪುರ, ಬೆಳಗಾವಿ

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಇಂದು ಬರೆಯಲು ಕೂತಿದ್ದೇನೆ. ನಾನು ಇಲ್ಲಿಯ ನೇಕಾರರ ಮನೆಯ ಮಗಳು. 1973ರಲ್ಲಿ, 19ನೆಯ ವಯಸ್ಸಿಗೆ, ನರ್ಸಿಂಗ್ ಕಲಿಯಲು ಇಂಗ್ಲೆಂಡಿಗೆ ಹೋದೆ. ಆಗ ಅಲ್ಲಿ ನರ್ಸ್‌ಗಳ ಕೊರತೆಯಿತ್ತು. ಅಲ್ಲಿಯ ಹುಡುಗಿಯರು ಬರಲು ಒಲ್ಲೆನೆನ್ನುತ್ತಿದ್ದ ಮಾನಸಿಕ ಆಸ್ಪತ್ರೆಗಳಿಗೆ, ಮುದುಕರ ವಾರ್ಡುಗಳಿಗೆ, ಬುದ್ಧಿಮಾಂದ್ಯರ ಆಸ್ಪತ್ರೆಗಳಿಗೆ ಮಾರಿಷಸ್, ಮಲೇಷ್ಯಾ, ವೆಸ್ಟ್ ಇಂಡೀಸ್ ಮತ್ತು ನಮ್ಮ ದೇಶದವರನ್ನು ಕರೆಸಿಕೊಳ್ಳುತ್ತಿದ್ದರು. ಮೂರು ವರ್ಷದ ಪೂರ್ಣ ತರಬೇತಿಯ ಬದಲು ಎರಡು ವರ್ಷದ ಕೆಳದರ್ಜೆಯ ತರಬೇತಿಗೆ ನಮ್ಮಲ್ಲಿ ಅನೇಕರನ್ನು ಸೇರಿಸಿದ್ದರು. ಆ ವ್ಯತ್ಯಾಸ ನಮಗೆ ಗೊತ್ತಾದದ್ದು ಸಹಿ ಹಾಕಿದ ಮೇಲೆ. ನನ್ನನ್ನು ಕಳುಹಿಸಿದ್ದು ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಪ್ರಾಂತ್ಯದ ಒಂದು ಆಸ್ಪತ್ರೆಗೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಂಥವು ಆ ದೇಶದಲ್ಲಿ ಬಹಳ ಇದ್ದವು, ಅವುಗಳಲ್ಲಿ 50,000ಕ್ಕೂ ಹೆಚ್ಚು ಜನ ಬದುಕುತ್ತಿದ್ದರು.

ಇವುಗಳನ್ನು ಕಟ್ಟಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ರೆಡ್‌ಹಿಲ್ ಎಂಬಲ್ಲಿ 1855ರಲ್ಲಿ ಅರ್ಲ್ಸ್‌ವುಡ್ ಸಂಸ್ಥೆಯ ಕಟ್ಟಡ ತೆರೆದಾಗ, ಮಕ್ಕಳಿಗೆ ಓದು ಬರಹ, ಬಡಗಿತನ, ಹೊಲಿಗೆ ಕಲಿಸಿ ಮನೆಗೆ ಕಳುಹಿಸಬೇಕೆಂಬ ಆಸೆಯಿತ್ತು. ಇಂದು ಎಲ್ಲರೂ ಡೌನ್ ಸಿಂಡ್ರೋಮ್ ಎನ್ನುತ್ತಾರಲ್ಲ, ಆ ಹೆಸರಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1858ರಿಂದ ಹತ್ತು ವರ್ಷ ಅಲ್ಲಿಯೇ ಮುಖ್ಯಸ್ಥನಾಗಿದ್ದ. ಅಲ್ಲಿದ್ದಾಗಲೇ, 1866ರಲ್ಲಿ, ಆ ಸ್ಥಿತಿಯನ್ನು ವಿವರಿಸಿ ಬರೆದ. ಬಳಿಕ 1868ರಲ್ಲಿ ಟೆಡ್ಡಿಂಗ್‌ಟನ್‌ನಲ್ಲಿ ನಾರ್ಮನ್ಸ್‌ಫೀಲ್ಡ್ ಎಂಬ ತನ್ನದೇ ಸಂಸ್ಥೆ ತೆರೆದು, ಮುಂದೆ ಅಲ್ಲಿಯವರಿಗಾಗಿ ಒಂದು ನಾಟಕಮಂದಿರವನ್ನೂ ಕಟ್ಟಿಸಿದ. ಆದರೆ ಕಲಿಸಿ ಕಳುಹಿಸುವ ಮನೆಗಳು ಕಾಲಕ್ರಮದಲ್ಲಿ ಕೂಡಿಹಾಕುವ ಮನೆಗಳಾದವು. 1913ರ ಕಾನೂನು ಬುದ್ಧಿ ಸಾಲದವರೆಂದು ಹಣೆಪಟ್ಟಿ ಹಚ್ಚಿದವರನ್ನು ಜೀವನವಿಡೀ ಇರಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಮದುವೆಯಾಗದೆ ಬಸಿರಾಗಿ, ಬಡವರಿಗೆ ಸರ್ಕಾರ ಕೊಡುವ ನೆರವಿಗೆ ಕೈಚಾಚಿದ ಹೆಣ್ಣುಮಕ್ಕಳನ್ನೂ ಅದೇ ಹಣೆಪಟ್ಟಿಯಡಿ ಒಳಗೆ ಹಾಕಲು ಅದರಲ್ಲಿ ಅವಕಾಶವಿತ್ತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಈ ಮನೆಗಳೆಲ್ಲ ಆಸ್ಪತ್ರೆಗಳೆನಿಸಿಕೊಂಡವು. ರೋಗವೇ ಇಲ್ಲದವರು ಅಲ್ಲಿ ಮೂವತ್ತು ನಲವತ್ತು ವರ್ಷ ರೋಗಿಗಳೆನಿಸಿಕೊಂಡು ಇದ್ದರು.

ಈಗ ನೀವು ಕೇಳಿದ ಬೆಳಗಿನ ಮಾತು. ನನ್ನ ವಾರ್ಡಿನಲ್ಲಿ 40 ಹೆಂಗಸರಿದ್ದರು. ಮಂಚಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ. ಹಗಲಿನವರು ಬರುವಷ್ಟರಲ್ಲಿ ಎಲ್ಲರೂ ಎದ್ದು ಸಿದ್ಧರಾಗಿರಬೇಕೆಂದು ನೈಟ್ ಡ್ಯೂಟಿಯವರು ಐದು ಗಂಟೆಗೇ ದೀಪ ಹಾಕುತ್ತಿದ್ದರು. ಬಟ್ಟೆ ಒಗೆಯುವ ವಿಭಾಗದಿಂದ ಬಂದ ತಳ್ಳುಗಾಡಿ ಸ್ನಾನದ ಮನೆಯ ಬಾಗಿಲಲ್ಲಿ ನಿಂತಿರುತ್ತಿತ್ತು. ಅದರಲ್ಲಿ ಲಂಗ, ಸ್ವೆಟರ್, ಕಾಲುಚೀಲ, ಒಳಉಡುಪು ಎಲ್ಲವೂ ಒಂದೇ ರಾಶಿ. ಬಟ್ಟೆಯ ಮೇಲೆ ವಾರ್ಡಿನ ಗುರುತು ಇರುತ್ತಿತ್ತೇ ಹೊರತು ತೊಡುವವರ ಹೆಸರು ಇರುತ್ತಿರಲಿಲ್ಲ. ಮೈ ಒರೆಸುವುದು, ಪೌಡರ್ ಹಾಕುವುದು, ರಾಶಿಗೆ ಕೈಹಾಕಿ ಸಿಕ್ಕ ಅಳತೆಯದನ್ನು ತೊಡಿಸುವುದು, ಮುಂದಿನವರನ್ನು ಕರೆಯುವುದು. ನಮ್ಮ ಓಣಿಯ ಅಗಸರು ನಲವತ್ತು ಮನೆಯ ಬಟ್ಟೆಯನ್ನು ಒಂದೇ ಗಂಟಿನಲ್ಲಿ ಒಯ್ದರೂ ಕೇರುಬೀಜದ ಕಪ್ಪು ಗುರುತು ನೋಡಿ ಯಾರ ಧೋತರ ಯಾರಿಗೆ ಎಂಬುದು ತಪ್ಪದಂತೆ ತಂದು ಕೊಡುತ್ತಿದ್ದರು. ಅಷ್ಟು ದೊಡ್ಡ ಯಂತ್ರಗಳಿದ್ದ ಆ ಆಸ್ಪತ್ರೆಯಲ್ಲಿ ಅಷ್ಟು ಸಣ್ಣ ಕೆಲಸ ಮಾಡುವವರು ಇರಲಿಲ್ಲ.

ಒಬ್ಬ ಹೆಂಗಸು ಮಾತ್ರ ತನ್ನ ಗುರುತನ್ನು ತಾನೇ ಮಾಡಿಕೊಂಡಿದ್ದಳು. ಆಗ ಅವಳಿಗೆ ಅರವತ್ತರ ಹತ್ತಿರ. ನಾನು ಮೇಲೆ ಹೇಳಿದ ಕಾನೂನಿನಡಿ, ಹದಿಹರೆಯದಲ್ಲಿ ಕೂಸು ಹೆತ್ತ ಮೇಲೆ ಬಂದವಳು. ಓದಲು ಬರುತ್ತಿರಲಿಲ್ಲವಾದರೂ ಲೆಕ್ಕದಲ್ಲಿ ನಮಗಿಂತ ಚುರುಕು. ನಲವತ್ತು ವರ್ಷ ಆ ಬಟ್ಟೆ ವಿಭಾಗದಲ್ಲೇ ದುಡಿದಿದ್ದಳು. ಅವಳಿಗೆ ಇಷ್ಟವಾದ ಕಂದು ಬಣ್ಣದ ಒಂದು ಸ್ವೆಟರಿನ ಒಳಗಡೆ, ಕೆಳಗಿನ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಒಂದು ಹಸಿರು ಗುಂಡಿಯನ್ನು ಹೊಲಿದುಕೊಂಡಿದ್ದಳು. ಪ್ರತಿ ಬೆಳಗ್ಗೆ ರಾಶಿಯ ಮುಂದೆ ನಿಂತು ಕಣ್ಣುಮುಚ್ಚಿ ಸ್ವೆಟರುಗಳ ಅಂಚನ್ನು ಬೆರಳಿನಿಂದ ಸವರುತ್ತ ಹೋಗಿ, ಗುಂಡಿ ಸಿಕ್ಕ ಕೂಡಲೇ ಎಳೆದು ಎದೆಗೊತ್ತಿಕೊಳ್ಳುತ್ತಿದ್ದಳು. ಸಿಗದ ದಿನ ಅವಳು ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅದನ್ನು ಮೊಂಡುತನ ಎಂದು ಬರೆಯುತ್ತಿದ್ದರು. ನಾನೂ ಎರಡು ಸಲ ಹಾಗೆಯೇ ಬರೆದಿದ್ದೇನೆ. ಗುಂಡಿಯ ಸಂಗತಿ ನನಗೆ ತಿಳಿದದ್ದು ಎರಡನೆಯ ವರ್ಷದಲ್ಲಿ, ಅವಳೇ ಒಂದು ದಿನ ನನ್ನ ಬೆರಳು ಹಿಡಿದು ಅಲ್ಲಿ ಮುಟ್ಟಿಸಿದಾಗ.

ಕೆಟ್ಟ ಜನರ ನಡುವೆ ದುಡಿದೆನೆಂದು ತಿಳಿಯಬೇಡಿ. ಕಾರ್ಡಿಫ್‌ನ ಈಲೀ ಆಸ್ಪತ್ರೆಯಲ್ಲಿ ನಡೆದ ಕ್ರೌರ್ಯದ ಬಗ್ಗೆ 1969ರಲ್ಲಿ ವಿಚಾರಣಾ ವರದಿ ಹೊರಬಂದು ಇಡೀ ದೇಶ ಬೆಚ್ಚಿತ್ತು. ಅದರ ಬೆನ್ನಿಗೇ 1971ರಲ್ಲಿ ಸರ್ಕಾರ ಈ ಆಸ್ಪತ್ರೆಗಳ ಹಾಸಿಗೆಗಳನ್ನು ಸುಮಾರು ಅರ್ಧಕ್ಕೆ ಇಳಿಸುವುದಾಗಿ ಹೇಳಿತು. ಅದುವರೆಗೆ ಕಲಿಸಲು ಬಾರದವರೆಂದು ಬಿಟ್ಟಿದ್ದ ಮಕ್ಕಳಿಗೂ ಶಾಲೆಯ ಹಕ್ಕು ಸಿಕ್ಕಿದ್ದು ಅದೇ ವರ್ಷ. ಆದರೆ ನಾನು ಕಂಡ ಕಷ್ಟದಲ್ಲಿ ಬಹುಪಾಲು ಹೊಡೆತ ಬಡಿತದ್ದಾಗಿರಲಿಲ್ಲ, ಲೆಕ್ಕದ್ದಾಗಿತ್ತು. 40 ಜನ, ಇಬ್ಬರು ನರ್ಸ್, ಆರರಿಂದ ಎಂಟರವರೆಗೆ ಎರಡು ತಾಸು: ಒಬ್ಬೊಬ್ಬರಿಗೆ ಆರು ನಿಮಿಷ. ಆ ಆರು ನಿಮಿಷದಲ್ಲಿ ಎಬ್ಬಿಸಿ, ತೊಳೆದು, ತೊಡಿಸಿ, ಉಣಿಸಬೇಕು. ಎಷ್ಟೇ ಮಮತೆಯಿದ್ದವರ ಕೈಯಾದರೂ ಒರಟಾಗುತ್ತದೆ. ನುಂಗುವ ಮೊದಲೇ ಇನ್ನೊಂದು ಚಮಚ ಬಾಯಿಗಿಟ್ಟದ್ದು ನನಗೆ ಈಗಲೂ ರಾತ್ರಿ ನೆನಪಾಗುತ್ತದೆ. 1976ರಲ್ಲಿ ನಾರ್ಮನ್ಸ್‌ಫೀಲ್ಡಿನ ನರ್ಸ್‌ಗಳು ಮುಷ್ಕರ ಹೂಡಿ ಹೊರಬಂದಾಗ, ರೋಗಿಗಳನ್ನು ಬಿಟ್ಟು ಹೋದರೆಂದು ಬೈದವರೇ ಹೆಚ್ಚು. ನಮ್ಮ ವಾರ್ಡಿನ ಅಡಿಗೆಮನೆಯಲ್ಲಿ ಅಂದು ಯಾರೂ ಅವರನ್ನು ಬೈಯಲಿಲ್ಲ.

ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಆಸ್ಪತ್ರೆಗಳನ್ನು ಒಂದೊಂದಾಗಿ ಮುಚ್ಚಿ, ಇದ್ದವರನ್ನು ನಾಲ್ಕೈದು ಜನರ ಸಣ್ಣ ಮನೆಗಳಿಗೆ ಕಳುಹಿಸಿದರು. ಅದು ಒಳ್ಳೆಯದೇ ಆಯಿತೆಂದು ನನ್ನ ದೃಢವಾದ ನಂಬಿಕೆ. ಆದರೆ ಅದರಲ್ಲೂ ಒಂದು ಅನ್ಯಾಯ ನಡೆಯಿತು. ಯಾರು ಯಾವ ಊರಿನಿಂದ ಬಂದಿದ್ದರೋ ಆ ಊರಿನ ಆಡಳಿತವೇ ಖರ್ಚು ಕೊಡಬೇಕಾಗಿದ್ದ ಕಡೆ, ಮೂವತ್ತು ವರ್ಷ ಪಕ್ಕಪಕ್ಕದ ಮಂಚದಲ್ಲಿ ಮಲಗಿದ ಗೆಳತಿಯರನ್ನು ಬೇರೆ ಬೇರೆ ದಿಕ್ಕಿಗೆ ಕಳುಹಿಸಿದರು. ಯಾರಿಗೆ ಯಾರು ಜೊತೆ ಎಂಬುದು ಯಾವ ಫೈಲಿನಲ್ಲೂ ಇರಲಿಲ್ಲ. ಅದು ಆಯಾಗಳಿಗೆ, ನರ್ಸ್‌ಗಳಿಗೆ ಮಾತ್ರ ಗೊತ್ತಿತ್ತು, ಮತ್ತು ನಮ್ಮನ್ನು ಯಾರೂ ಕೇಳಲಿಲ್ಲ. ಹಸಿರು ಗುಂಡಿಯ ಹೆಂಗಸಿಗೆ ಮಾತ್ರ ಅದೃಷ್ಟವಿತ್ತು, ಅವಳ ಗೆಳತಿಯೂ ಅದೇ ಮನೆಗೆ ಬಂದಳು. ನಾನು ನೋಡಲು ಹೋದಾಗ ತನ್ನದೇ ಕಪಾಟಿನಿಂದ ಹೊಸ ಸ್ವೆಟರನ್ನು ತೆಗೆದು ತೋರಿಸಿದಳು. ಅಂಗಡಿಯಲ್ಲಿ ತಾನೇ ಆರಿಸಿದ್ದಂತೆ. ಒಳ ಅಂಚಿನಲ್ಲಿ ಆ ಹಳೆಯ ಗುಂಡಿಯನ್ನು ಬಿಚ್ಚಿ ತಂದು ಹೊಲಿದಿದ್ದಳು.

ಆದ್ದರಿಂದ ತಂಗಿ, ಮತ್ತೊಮ್ಮೆ ಆ ಸಂಸ್ಥೆಗೆ ಹೋದರೆ ಪಡಸಾಲೆಯನ್ನು ನೋಡಬೇಡಿ. ಒಣಗಲು ಹಾಕಿದ ಬಟ್ಟೆ ಮಡಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನಿಮ್ಮ ತಮ್ಮನಿಗೇ ಒಂದು ಕಪಾಟು ಇರುತ್ತದೆಯೇ, ಪಾಯಖಾನೆಗೆ ಒಳಗಿನಿಂದ ಚಿಲಕವಿದೆಯೇ ನೋಡಿ. ರಾತ್ರಿಯ ಊಟ ಎಷ್ಟಕ್ಕೆ ಎಂದು ಕೇಳಿ. ಐದು ಗಂಟೆ ಎಂದರೆ ಅದು ಕೆಲಸದವರ ಪಾಳಿಯ ಹೊತ್ತು, ಹಸಿವಿನ ಹೊತ್ತಲ್ಲ. ರಾತ್ರಿ ಡ್ಯೂಟಿಗೆ ಎಷ್ಟು ಜನ ಇರುತ್ತಾರೆಂದು ಕೇಳಿ ನೀವೇ ಭಾಗಾಕಾರ ಮಾಡಿ. ಮೊದಲೇ ಹೇಳದೆ ಒಂದು ದಿನ ಬೆಳಗ್ಗೆ ಏಳಕ್ಕೆ ಹೋಗಿ. ಒಳಗೆ ಬಿಡದಿದ್ದರೆ ಸೇರಿಸಬೇಡಿ.

ಉತ್ತರ: ಇಂಡಿ ತಾಲೂಕಿನಿಂದ, ನಿವೃತ್ತ ಅಟೆಂಡರ್

ಸಿಸ್ಟರ್ ಅವರು ಬರೆದುದನ್ನು ಓದಿದೆ. ನಾನು ಹೆಚ್ಚು ಓದಿದವನಲ್ಲ. ಮಗಳು ಹೇಳಿ ತಿದ್ದಿಸುತ್ತಿದ್ದಾಳೆ. ಗಡಿಯಾಚೆಯ ಒಂದು ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ 1978ರಿಂದ 34 ವರ್ಷ ಅಟೆಂಡರ್ ಆಗಿದ್ದೆ.

ನಮ್ಮ ದೇಶದಲ್ಲಿ ಬುದ್ಧಿಮಾಂದ್ಯರಿಗೇ ಪ್ರತ್ಯೇಕವಾದ ದೊಡ್ಡ ಆಸ್ಪತ್ರೆಗಳು ಅಷ್ಟಾಗಿ ಇರಲಿಲ್ಲ. ಅವರು ಮಾನಸಿಕ ಆಸ್ಪತ್ರೆಗಳ ಹಿಂದಿನ ವಾರ್ಡುಗಳಲ್ಲಿ ಇದ್ದರು. 1912ರ ಕಾನೂನು ಹುಚ್ಚು ಹಿಡಿದವರನ್ನೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನೂ ಒಂದೇ ಶಬ್ದದಲ್ಲಿ ಸೇರಿಸಿತ್ತು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು, ಆದೇಶವಾಗುತ್ತಿತ್ತು, ಜೀಪು ನಮ್ಮ ಗೇಟಿಗೆ ಬರುತ್ತಿತ್ತು. ಹಾಗೆ ಬಂದವರಿಗೆ ಕೊಡಲು ನಮ್ಮಲ್ಲಿ ಔಷಧವೂ ಇರಲಿಲ್ಲ, ಕಲಿಸುವವರೂ ಇರಲಿಲ್ಲ. ವಾಸಿಯಾಗುವ ರೋಗವಲ್ಲವಾದ್ದರಿಂದ ಬಿಡುಗಡೆಯ ಮಾತೇ ಬರುತ್ತಿರಲಿಲ್ಲ.

ನಾನು ಸೇರಿದ ಮೂರನೆಯ ತಿಂಗಳು ಹಿಂದಿನ ವಾರ್ಡಿಗೆ ಹಾಕಿದರು. ಅಲ್ಲಿ ಒಬ್ಬನಿದ್ದ, ಮೂವತ್ತರ ಆಸುಪಾಸು. ಹೆಸರು ಗೊತ್ತಿಲ್ಲ, ನಂಬರಿನಿಂದ ಕರೆಯುತ್ತಿದ್ದರು. ಮಾತು ಬರುವುದಿಲ್ಲ, ಅರ್ಥವಿಲ್ಲದ ಶಬ್ದ ಮಾಡುತ್ತಾನೆ, ಸ್ನಾನದ ಹೊತ್ತಿಗೆ ಹೊಡೆಯಲು ಬರುತ್ತಾನೆ ಎಂದು ಬರೆದಿಟ್ಟಿದ್ದರು. ಚಳಿಗಾಲದ ಒಂದು ಬೆಳಗ್ಗೆ ಇಬ್ಬರು ಅವನನ್ನು ಹಿಡಿದುಕೊಂಡಿದ್ದರು, ನಾನು ಬಕೆಟ್ಟಿನಿಂದ ನೀರು ಹಾಕುವವನು. ಮೊದಲ ತಂಬಿಗೆ ಬೀಳುತ್ತಲೇ ಅವನು ಕಿರುಚಿದ. ಎಲ್ಲರಿಗೂ ಅದು ಬರೀ ಕಿರುಚಾಟ. ನನ್ನ ಕಿವಿಗೆ ಮಾತ್ರ ಸ್ಪಷ್ಟವಾಗಿ ಬಿತ್ತು: "ಸುಡತೈತಿ, ಸುಡತೈತಿ." ವಾರ್ಡಿನವರೆಲ್ಲ ಮರಾಠಿಯವರು. ಎಷ್ಟು ವರ್ಷಗಳಿಂದ ಅವನು ಅದನ್ನೇ ಹೇಳುತ್ತಿದ್ದನೋ ಏನೋ. ನಾನು ತಣ್ಣೀರು ಬೆರೆಸಿ, "ಈಗ ಸುಡತೈತೇನಪಾ?" ಎಂದು ಕೇಳಿದೆ. ಅವನು ಕೈ ಕೊಸರುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಒದ್ದೆ ಕೈಯಿಂದ ನನ್ನ ತುಟಿಯನ್ನು ಮುಟ್ಟಿದ.

ಅಂದಿನಿಂದ ಅವನು ಯಾರನ್ನೂ ಹೊಡೆದದ್ದು ನಾನು ನೋಡಲಿಲ್ಲ. ಊಟಕ್ಕೆ "ಸಾಕ", "ಬ್ಯಾಡ" ಎನ್ನುತ್ತಿದ್ದ. ಕಾರಹುಣ್ಣಿಮೆಯ ಎತ್ತಿನ ಗೆಜ್ಜೆಯ ಸಪ್ಪಳವನ್ನು ಬಾಯಿಂದ ಮಾಡುತ್ತಿದ್ದ. ಊರು ಯಾವುದು ಎಂದು ಕೇಳಿದರೆ ಕಿಟಕಿ ತೋರಿಸುತ್ತಿದ್ದ. ನಾನು ರಜೆಗೆ ಬಂದಾಗಲೆಲ್ಲ ಇಂಡಿ, ಸಿಂದಗಿ ಕಡೆಯ ಸಂತೆಗಳಲ್ಲಿ ವಿಚಾರಿಸಿದೆ, ಪತ್ತೆಯಾಗಲಿಲ್ಲ. ನನ್ನ ನಿವೃತ್ತಿಗೆ ಒಂಬತ್ತು ವರ್ಷ ಮೊದಲು ಅವನು ಅಲ್ಲಿಯೇ ತೀರಿಕೊಂಡ. ನಾನು ರಜೆಯಲ್ಲಿದ್ದ ದಿನಗಳಲ್ಲಿ ಅವನು ಯಾರೊಂದಿಗೆ ಮಾತನಾಡುತ್ತಿದ್ದ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ತಂಗಿ, ನಿಮ್ಮ ತಮ್ಮನ ಇಪ್ಪತ್ತು ಮೂವತ್ತು ಶಬ್ದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವನು ಎಲ್ಲಿದ್ದರೂ ಅದು ಅವನ ಜೊತೆ ಹೋಗಲಿ. ನಮ್ಮ ಭಾಷೆಯನ್ನು ಆಡುವ ಒಬ್ಬರಾದರೂ ಪಾಳಿಯಲ್ಲಿ ಇದ್ದಾರೆಯೇ ಎಂದು ಮೊದಲು ಕೇಳಿ, ಉಳಿದದ್ದನ್ನು ಆಮೇಲೆ ಕೇಳಿ.

ಉತ್ತರ: ವಿಶೇಷ ಶಿಕ್ಷಕಿ, ಗೋಕಾಕ

ಅಟೆಂಡರ್ ಕಾಕಾ ಅವರು ಹೇಳಿದ ಕಾನೂನು ಈಗ ಇಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬಂದಾಗ ಬುದ್ಧಿಮಾಂದ್ಯತೆಯನ್ನು ಮಾನಸಿಕ ರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು, 2017ರ ಕಾಯಿದೆಯೂ ಹಾಗೆಯೇ ಇಟ್ಟಿದೆ. ನಿಮ್ಮ ತಮ್ಮನಂಥವರಿಗೆ ಸಂಬಂಧಪಟ್ಟವು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ, ಅಂದರೆ ಎಲ್ಲರೂ ನ್ಯಾಷನಲ್ ಟ್ರಸ್ಟ್ ಎನ್ನುವುದು, ಮತ್ತು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ. ಅವ್ವ ಇರುವಾಗಲೇ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ನಿಮ್ಮನ್ನು ಕಾನೂನುಬದ್ಧ ಪೋಷಕಿಯನ್ನಾಗಿ ಮಾಡಿಸಿಕೊಳ್ಳಿ. 18 ವರ್ಷ ದಾಟಿದ ಮೇಲೆ ಅಕ್ಕ ಎಂಬ ಕಾರಣಕ್ಕೇ ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಸಹಿ ನಡೆಯುವುದಿಲ್ಲ, ಎಷ್ಟೋ ಕುಟುಂಬಗಳಿಗೆ ಇದು ತಾಯಿ ಸತ್ತ ವಾರ ಗೊತ್ತಾಗುತ್ತದೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಇಲ್ಲದಿದ್ದರೆ ನಿಮ್ಮ ತಾಲೂಕಿನ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಒಂದು ವಿಷಯದಲ್ಲಿ ಮಾತ್ರ ಸಿಸ್ಟರ್ ಅವರ ಮಾತಿಗೆ ಸ್ವಲ್ಪ ಸೇರಿಸಬೇಕೆನಿಸುತ್ತದೆ. ಕಟ್ಟಡ ಸಣ್ಣದಾದರೆ ಎಲ್ಲವೂ ಸರಿಹೋಗುತ್ತದೆಂದು ತಿಳಿಯಬಾರದು. ಬ್ರಿಸ್ಟಲ್ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇದ್ದ ಹಾಸಿಗೆಗಳು ಕೇವಲ 24. ಅಲ್ಲಿ ನಡೆಯುತ್ತಿದ್ದ ಹಿಂಸೆಯನ್ನು 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. ನಮ್ಮಲ್ಲಿ ತಮಿಳುನಾಡಿನ ಏರ್ವಾಡಿಯ ಒಂದು ಸಣ್ಣ ಆಶ್ರಯದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಮನೆಯನ್ನೂ ನಾನು ಈ ಮಾತಿನಿಂದ ಹೊರಗಿಡುವುದಿಲ್ಲ. ತಾಯಿ ಕಬ್ಬಿನ ಕೆಲಸಕ್ಕೆ ಹೋದಾಗ ಹಿತ್ತಲ ಕೋಣೆಯ ಕಂಬಕ್ಕೆ ಸೀರೆಯಿಂದ ಕಟ್ಟಿದ ಹುಡುಗಿಯನ್ನು ನಾನು ನೋಡಿದ್ದೇನೆ. ಸೊಂಟ ಉಜ್ಜದಿರಲೆಂದು ಆ ತಾಯಿ ತನ್ನಲ್ಲಿದ್ದ ಅತ್ಯಂತ ಮೆತ್ತನೆಯ ಸೀರೆಯನ್ನು ಆರಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಹಗಲಿನ ಎಂಟು ತಾಸು ಮಗಳನ್ನು ನೋಡಿಕೊಳ್ಳುವ ಒಂದು ಜಾಗ. ನಿಮಗೂ ಮೊದಲು ಅಂಥದ್ದೇ ಹಗಲಿನ ವ್ಯವಸ್ಥೆ ಹತ್ತಿರದಲ್ಲಿ ಸಿಗುವುದೇ ನೋಡಿ.

ಉತ್ತರ: ಮುಧೋಳದಿಂದ ಒಬ್ಬ ಅಣ್ಣ

ನಾನು ನನ್ನ ತಂಗಿಯನ್ನು ವಸತಿ ಗೃಹಕ್ಕೆ ಸೇರಿಸಿ ಏಳು ವರ್ಷವಾಯಿತು. ಅವಳು ಚೆನ್ನಾಗಿದ್ದಾಳೆ. ಅಲ್ಲಿ 14 ಜನ ಇದ್ದಾರೆ, ಸಂಜೆ ಎಲ್ಲರೂ ಸೇರಿ ರೊಟ್ಟಿಯ ಹಿಟ್ಟು ನಾದುತ್ತಾರೆ, ಪ್ರತಿ ತಿಂಗಳು ಒಂದು ವಾರ ಮನೆಗೆ ಬರುತ್ತಾಳೆ. ಸೇರಿಸುವ ಹಿಂದಿನ ವರ್ಷ ಅವಳನ್ನು ಎತ್ತಲು ಹೋಗಿ ನನ್ನ ಅವ್ವ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಇಲ್ಲಿ ಬರೆದುದನ್ನೆಲ್ಲ ಓದಿ ನೀವು ನಿಮ್ಮನ್ನೇ ತಪ್ಪಿತಸ್ಥಳೆಂದು ಭಾವಿಸಬಾರದು, ಅದಕ್ಕಾಗಿ ಇಷ್ಟು ಬರೆದೆ. ಅವ್ವನ ಬೆನ್ನು ಮೂಳೆಯೂ ಲೆಕ್ಕಕ್ಕೆ ಬರಬೇಕು.

ಮರು ಉತ್ತರ: ನವನಗರದ ಅಕ್ಕ, ಬಾಗಲಕೋಟೆ

ಎಲ್ಲರಿಗೂ ಕೈಮುಗಿಯುತ್ತೇನೆ. ಸಿಸ್ಟರ್ ಹೇಳಿದಂತೆ ಕಳೆದ ಸೋಮವಾರ ಬೆಳಗ್ಗೆ ಏಳಕ್ಕೆ ಆ ದೂರದ ಸಂಸ್ಥೆಗೆ ಮತ್ತೆ ಹೋದೆ. ಗೇಟಿನಲ್ಲಿಯೇ ನಿಲ್ಲಿಸಿ, ಭೇಟಿ ತಿಂಗಳ ಎರಡನೆಯ ಭಾನುವಾರ ಮಾತ್ರ ಎಂದರು. ಹಿಂಬದಿಯ ತಂತಿಯ ಮೇಲೆ ಒಂದೇ ಬಣ್ಣದ ನೀಲಿ ಅಂಗಿಗಳು ಸಾಲಾಗಿ ಒಣಗುತ್ತಿದ್ದವು, ಲೆಕ್ಕ ಮಾಡುತ್ತ ನಿಂತವಳು ಅರವತ್ತಕ್ಕೆ ಬಿಟ್ಟು ಬಂದೆ. ಅಲ್ಲಿಗೆ ಸೇರಿಸುವುದಿಲ್ಲ. ಮುಧೋಳದ ಅಣ್ಣನವರ ತಂಗಿ ಇರುವ ಕಡೆ ಹೋಗಿ ನೋಡಬೇಕೆಂದಿದ್ದೇನೆ, ಮತ್ತು ಪೋಷಕತ್ವದ ಅರ್ಜಿಗೆ ಬೇಕಾದ ಕಾಗದಗಳನ್ನು ಜೋಡಿಸುತ್ತಿದ್ದೇನೆ.

ನೋಟ್‌ಬುಕ್ ಶುರುಮಾಡಿದ್ದೇನೆ. ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ. ಮೂವತ್ತು ಎಂದುಕೊಂಡದ್ದು ಈಗಾಗಲೇ 52 ಶಬ್ದಗಳಾಗಿವೆ. ಬಸ್ಸಿಗೆ "ಗಡಗಡ", ತಲೆನೋವಿಗೆ "ಕಲ್ಲ", ನನಗೆ "ತಾಟ", ಏಕೆಂದರೆ ಊಟಕ್ಕೆ ಬಡಿಸುವವಳು ನಾನು. "ಕಲ್ಲ" ಎಂದರೆ ಆಟಕ್ಕೆ ಕಲ್ಲು ಕೇಳುತ್ತಾನೆಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಅವ್ವನಿಗೆ ಮಾತ್ರ ಗೊತ್ತಿತ್ತು.

ಒಂದು ಶಬ್ದದ ಬಗ್ಗೆ ಸಿಸ್ಟರ್ ಅವರನ್ನು ಕೇಳಬೇಕು. "ಕೆಳಗಿನ ಮನಿ" ಎಂದು ಅವನು ಈಗಲೂ ಒಮ್ಮೊಮ್ಮೆ ಸಂಜೆ ಹೇಳುತ್ತಾನೆ. ಆ ಮನೆ ನೀರಿನಲ್ಲಿದೆ, ಯಾರೂ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಲಾರರು. ಅದನ್ನೂ ಬರೆಯಬೇಕೇ, ಅಥವಾ ಮರೆಯಲೆಂದು ಬಿಟ್ಟುಬಿಡಬೇಕೇ?

ಉತ್ತರ: ನಿವೃತ್ತ ನರ್ಸ್, ಶಹಾಪುರ, ಬೆಳಗಾವಿ

ಬರೆಯಿರಿ ತಂಗಿ. ಅವನು ಹಾಗೆಂದಾಗ ಅವ್ವ ಏನು ಉತ್ತರ ಕೊಡುತ್ತಾಳೋ ಅದನ್ನು ಅವಳದೇ ಮಾತಿನಲ್ಲಿ ಪಕ್ಕಕ್ಕೆ ಬರೆಯಿರಿ. ಕೈ ಹಿಡಿಯುತ್ತಾಳೋ, ಬೆನ್ನು ಸವರುತ್ತಾಳೋ, ಅದೂ ಇರಲಿ. ಮುಂದೊಂದು ಸಂಜೆ ಬೇರೆ ಯಾರೋ ಡ್ಯೂಟಿಯಲ್ಲಿ ಇರುವಾಗ ಅವನು ಬಾಗಿಲಲ್ಲಿ ನಿಂತು ಆ ಮಾತು ಹೇಳುತ್ತಾನೆ. ಅವರು ಆ ಪುಟವನ್ನು ತೆರೆದು ಓದಿ ಅದೇ ಉತ್ತರವನ್ನು ಕೊಡಬೇಕು.